ಚೀಲ ಕೊಡದ ರಿಪೇರಿ

ಆರ್ಲಿಸ್ ಕೂಂಬ್ಸ್‌ಗೆ ಮೂವತ್ತೊಂದು ವರ್ಷ. ಅವನ ಸೊಂಟಕ್ಕೆ ಐವತ್ತೆಂಟು. ನಡುವಿನ ಇಪ್ಪತ್ತೇಳು ವರ್ಷ ಅವನ ಸ್ವಂತ ದುಡಿಮೆ. ಕೆಂಟಕಿಯ ಬೆಟ್ಟಗಳನ್ನು ಸೀಳಿಕೊಂಡು ಹೋಗುವ ಹೆದ್ದಾರಿಯ ಪಕ್ಕ ಒಂದು ಲಾರಿ ತಂಗುದಾಣ, ಅದರ ಡೀಸೆಲ್ ಪಂಪುಗಳ ಹಿಂದೆ ಒಲೀಟಾ ಫ್ಯೂಗೇಟಳ ರೇಡಿಯೋ ಅಂಗಡಿ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ ಅವನ ಕೆಲಸವೆಂದರೆ ಲಾರಿಗಳ ಕನ್ನಡಿಗೆ ಜೋತುಬಿದ್ದು ಆಂಟೆನಾ ಬಿಗಿಯುವುದು. ಎರಡು ವರ್ಷ ಓದಿ ಸಂಪಾದಿಸಿದ ಎಲೆಕ್ಟ್ರಾನಿಕ್ಸ್ ಸರ್ಟಿಫಿಕೇಟು ಅಂಗಡಿಯ ಗೋಡೆಯ ಮೇಲೆ ಬೆಚ್ಚಗಿತ್ತು. ಸರ್ಟಿಫಿಕೇಟು ಪಡೆದವನು ಹೊರಗೆ ಚಳಿಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದ.

ಶನಿವಾರ ಮಾತ್ರ ಅಂಗಡಿಯ ಹಿಂದಿನ ಮೇಜು ಅವನದು. ಆ ಮೇಜಿಗೆ ಬರುತ್ತಿದ್ದದ್ದು ಗಾಜಿನ ವಾಲ್ವುಗಳ ಹಳೇ ಸೆಟ್ಟುಗಳು. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು, ಅಂಥ ಸಿ.ಬಿ. ರೇಡಿಯೋಗಳು, ಒಂದೊಂದೂ ಒಂದು ಹಂದಿಮರಿಯಷ್ಟು ಭಾರ, ಅವನಿಗಿಂತ ದುಪ್ಪಟ್ಟು ವಯಸ್ಸು. ಬೆಟ್ಟದ ಸಂದುಗಳಲ್ಲಿರುವ ಕಣಿವೆಗಳಿಗೆ ಮೊಬೈಲ್ ಸಿಗ್ನಲ್ ಇವತ್ತಿಗೂ ಹತ್ತುವುದಿಲ್ಲ. ಅಲ್ಲಿನ ಮುದುಕರು ಮುದುಕಿಯರು ಈ ಸೆಟ್ಟುಗಳನ್ನು ಅಡುಗೆಮನೆಯ ಕಿಟಕಿಯ ಬಳಿ ಇಟ್ಟುಕೊಂಡು ದಿನವಿಡೀ ಮಾತಾಡುತ್ತಾರೆ. ಗಾಳಿಯಲ್ಲಿ ಯಾರೂ ತಮ್ಮ ಹೆಸರು ಹೇಳುವುದಿಲ್ಲ, ಎಲ್ಲರಿಗೂ ಒಂದೊಂದು ಗಾಳಿ ಹೆಸರು. ಆರ್ಲಿಸ್‌ಗೆ ಒಲೀಟಾ ಇಟ್ಟದ್ದು 'ನಿದ್ದೆಗಣ್ಣ'. ಮೊದಲ ದಿನ ಸಂದರ್ಶನದಲ್ಲೇ ಅವನು ಎರಡು ಸಲ ಆಕಳಿಸಿದ್ದನಂತೆ. ಮೂರು ಸಲ ಅಂತ ಅವನಿಗೆ ನೆನಪು.

"ಮಾರ್ಚ್ ತನಕ ನೋಡ್ತೀನಿ," ಎಂದಿದ್ದಳು ಒಲೀಟಾ. "ಹಳೇ ಸೆಟ್ಟುಗಳು ಹಿಂಗೇ ಬರ್ತಾ ಇದ್ರೆ ವಾರವಿಡೀ ನೀನು ಒಳಗೆ ಕೂತ್ಕೋ. ಆಂಟೆನಾಗೆ ಬೇರೆ ಯಾರನ್ನಾದ್ರೂ ಇಟ್ಕೋತೀನಿ. ಬರದೇ ಇದ್ರೆ ಮೇಜು ಎತ್ತಿ ಅಲ್ಲಿ ತಂಪು ಪಾನೀಯದ ಫ್ರಿಜ್ ಇಡ್ತೀನಿ. ಆಮೇಲೆ ನನ್ನ ಬಯ್ಕೋಬೇಡ."

ಒಳಗೆ ಕೂರುವುದು. ಅಷ್ಟೇ ಅವನ ಮಹತ್ವಾಕಾಂಕ್ಷೆ. ಬೇರೆಯವರಿಗೆ ಇನ್ನೂ ದೊಡ್ಡವು ಇರುತ್ತವೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವರ್ಯಾರೂ ಜನವರಿಯಲ್ಲಿ ಲಾರಿಯ ಕನ್ನಡಿ ಹಿಡಿದು ನಿಂತವರಲ್ಲ.

ಆ ಜನವರಿಯಲ್ಲೇ ಹೋಬರ್ಟ್ ಸ್ಲೋನ್ ಬಂದದ್ದು. ಮೂವತ್ತೊಂಬತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ, ಗಾಳಿ ಹೆಸರು 'ಹಳದಿ ಗೂಳಿ'. ದಿನಾ ಬೆಳಿಗ್ಗೆ ಏಳಕ್ಕೆ ಹದಿನಾಲ್ಕನೇ ಚಾನೆಲ್ಲಿನಲ್ಲಿ ಕಣಿವೆಗಳ ಒಂಟಿ ಮುದುಕರ ಹಾಜರಿ ಕೂಗುವವನು ಅವನೇ. ಯಾರಾದರೂ ಓಗೊಡದಿದ್ದರೆ ಗಾಡಿ ತೆಗೆದುಕೊಂಡು ಹೋಗಿ ಬಾಗಿಲು ಬಡಿಯುತ್ತಾನೆ. ಕೌದಿಯಲ್ಲಿ ಸುತ್ತಿದ್ದ ಸೆಟ್ಟನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟ.

"ಗುಂಯ್ ಅಂತೈತಂತೆ," ಎಂದ. "ನನಗೆ ಕೇಳ್ಸಲ್ಲ. ಕೇಳೋರಿಗೆ ಕೇಳ್ಸತ್ತೆ. ನಾನು ಮಾತಾಡಿದ್ರೆ ಹೆಜ್ಜೇನು ಮಾತಾಡ್ದಂಗೆ ಆಗ್ತದಂತೆ. ಮೇಲಿನ ಕಣಿವೆ ಪರ್ಲಿ ಅಜ್ಜಿ ನಾನು ಬಂದ ಕೂಡ್ಲೇ ಆರಿಸಿಬಿಡ್ತಾಳೆ. ಹಾಜರಿ ತಗೊಳ್ಳೋದು ಹೆಂಗೆ?"

"ಕೆಪ್ಯಾಸಿಟರ್ ಒಣಗಿರುತ್ತೆ ಸ್ಲೋನ್ ಅವ್ರೇ. ಅರವತ್ತು ವರ್ಷ ಆಯ್ತಲ್ಲ."

"ಕಂಡೆನ್ಸರ್."

"ಅದೇ."

"ಹಾಗಾದ್ರೆ ಕಂಡೆನ್ಸರ್ ಅನ್ನು. ಇನ್ನೊಂದು ಮಾತು ಮಗನೇ. ಒಳಗೆ ಏನೂ ಬೇರೆ ಥರ ಕಾಣಬಾರ್ದು. ವರ್ಷಕ್ಕೊಂದು ಸಲ ಬಿಚ್ಚಿ ಧೂಳು ಹೊಡೀತೀನಿ. ಯಾವುದು ಎಲ್ಲಿದೆ ಅಂತ ನನ್ನ ಕಣ್ಣಿಗೆ ಗೊತ್ತು. ಅದು ಹಂಗೇ ಇರಬೇಕು."

ಇನ್ನೊಬ್ಬನಾಗಿದ್ದರೆ ತಲೆಯಾಡಿಸಿ ತನಗೆ ಬೇಕಾದ ಹಾಗೆ ಮಾಡುತ್ತಿದ್ದ. ಆರ್ಲಿಸ್ ಮಾತನ್ನು ಹಾಗೇ ನಂಬಿಬಿಟ್ಟ. ಜೀವನದಲ್ಲಿ ಅವನು ಮಾಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೀಗೇ ಶುರುವಾದವು, ಒಂದು ಮದುವೆಯ ನಿಶ್ಚಿತಾರ್ಥವೂ ಸೇರಿದಂತೆ.

ಸೆಟ್ಟಿನೊಳಗೆ ಕರೆಂಟನ್ನು ಹಿಡಿದಿಟ್ಟು ಬಿಡುವ ಹನ್ನೆರಡು ಕಾಗದದ ಕೆಪ್ಯಾಸಿಟರುಗಳಿದ್ದವು, ಮೇಣದಲ್ಲಿ ಅದ್ದಿ ತೆಗೆದ ಸಣ್ಣ ಕೊಳವೆಗಳಂಥವು. ಅವುಗಳ ಜೊತೆ ಕರೆಂಟಿನ ಏರಿಳಿತ ಸಮ ಮಾಡುವ ಒಂದು ಅಲ್ಯೂಮಿನಿಯಂ ಡಬ್ಬಿ. ಹೊಸದು ಹಾಕುವ ಸುಲಭ ದಾರಿಯೆಂದರೆ ಹಳೆಯದನ್ನು ಕತ್ತರಿಸಿ ಎಸೆದು, ಹಳದಿ ಬಣ್ಣದ ಪುಟ್ಟ ಹೊಸ ಕೆಪ್ಯಾಸಿಟರನ್ನು ಆ ಜಾಗದಲ್ಲಿ ಬೆಸೆಯುವುದು. ಅರ್ಧ ದಿನದ ಕೆಲಸ. ಆರ್ಲಿಸ್ ಹಿಡಿದದ್ದು ಇನ್ನೊಂದು ದಾರಿ. ಒಂದೊಂದು ಕೊಳವೆಯನ್ನೂ ಬಿಚ್ಚಿ, ಬಿಸಿಗಾಳಿ ಹಿಡಿದು ಮೇಣ ಕರಗಿಸಿ, ಒಳಗಿನ ಸತ್ತ ಸುರುಳಿಯನ್ನು ಕಡ್ಡಿಯಿಂದ ತಳ್ಳಿ ಹೊರಗೆ ಹಾಕಿದ. ಖಾಲಿ ಕೊಳವೆಯೊಳಗೆ ಹೊಸದನ್ನು ಕೂರಿಸಿದ. ಎರಡು ತುದಿಗೂ ಮತ್ತೆ ಮೇಣ ಹೊಯ್ದ. ಹೊಸ ಮೇಣ ಬೆಳ್ಳಗೆ ಕಾಣುತ್ತದೆಂದು ಅದಕ್ಕೆ ಚಹಾಪುಡಿಯ ಬಣ್ಣ ಬೆರೆಸಿದ. ಡಬ್ಬಿಯನ್ನು ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಗರಗಸದಿಂದ ಕೊಯ್ದು, ಗಟ್ಟಿಯಾಗಿದ್ದ ಕಪ್ಪು ಹೂರಣವನ್ನು ಕೆರೆದು ತೆಗೆದು, ಒಳಗೆ ಮೂರು ಹೊಸ ಕೆಪ್ಯಾಸಿಟರುಗಳನ್ನು ನಿಲ್ಲಿಸಿ, ಕೊಯ್ದ ಗೆರೆ ಕಾಣದಂತೆ ಅಂಟಿಸಿದ.

ಮೂರು ಶನಿವಾರ ಹಿಡಿಯಿತು. ಕೊನೆಗೆ ಸೆಟ್ಟಿಗೆ ನಿಧಾನವಾಗಿ ಕರೆಂಟು ಏರಿಸಿ, ವಾಲ್ವುಗಳು ಕೆಂಪಗಾಗುವುದನ್ನು ನೋಡುತ್ತ ಕೂತ. ಗುಂಯ್ ಇಲ್ಲ. ಅಡಿಯ ತಗಡು ತೆಗೆದು ನೋಡಿದರೆ ಯಾರೂ ಮುಟ್ಟಿಯೇ ಇಲ್ಲ ಅನ್ನಿಸುವಂತಿತ್ತು. ತನ್ನ ಕೆಲಸ ತನಗೇ ಕಾಣದಷ್ಟು ಚೆನ್ನಾಗಿದೆ ಎಂದು ಅವನಿಗೆ ಹೆಮ್ಮೆಯಾಯಿತು. ಇಂಥ ಹೆಮ್ಮೆಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು ಮಾತ್ರ ಹೊಳೆಯಲಿಲ್ಲ.

ಹೋಬರ್ಟ್ ಸೆಟ್ಟು ಒಯ್ಯಲು ಬಂದದ್ದು ಶುಕ್ರವಾರ. ಆರ್ಲಿಸ್ ಆಗ ಒಂದು ಲಾರಿಯ ಮೇಲಿದ್ದ, ಚಾಲಕ ಸೀಟಿನಲ್ಲಿ ಕೂತು ಹಾರ್ನ್ ಹೊಡೆಯುವುದೊಂದು ಬಾಕಿ. ಓಡಿ ಒಳಗೆ ಬಂದು ಸೆಟ್ಟನ್ನು ಕೌದಿಯಲ್ಲಿ ಸುತ್ತಿಕೊಟ್ಟ.

"ಚೀಲ?" ಎಂದ ಹೋಬರ್ಟ್.

ಆ ಕಡೆಯ ರಿಪೇರಿಯವರಲ್ಲಿ ಒಂದು ಪದ್ಧತಿ. ಕಿತ್ತ ಹಳೇ ಭಾಗಗಳನ್ನು ಕಾಗದದ ಚೀಲದಲ್ಲಿ ಹಾಕಿ ಸೆಟ್ಟಿನ ಜೊತೆ ಕೊಡಬೇಕು. ಗಿರಾಕಿ ಮನೆಗೆ ಹೋಗಿ ಅದನ್ನು ಮೇಜಿನ ಮೇಲೆ ಸುರಿದು, ಹೆಂಡತಿಗೆ ತೋರಿಸಿ, ಆಮೇಲೆ ಎಸೆಯುತ್ತಾನೆ. ಚೀಲ ಕೊಟ್ಟರೆ ಕೆಲಸ ಆಗಿದೆ ಎಂದರ್ಥ. ಆರ್ಲಿಸ್‌ನ ಸೆಟ್ಟಿನಲ್ಲಿ ಹಳೇ ಕೊಳವೆಗಳು ಒಳಗೇ ಇದ್ದವು. ಕೆರೆದು ತೆಗೆದ ಹೂರಣವೂ ಸತ್ತ ಸುರುಳಿಗಳೂ ಎಂದೋ ಕಸಕ್ಕೆ ಹೋಗಿದ್ದವು.

"ಚೀಲ ಏನಿಲ್ಲ," ಎಂದ ಆರ್ಲಿಸ್, ಹೊರಗಿನ ಹಾರ್ನ್ ಕೇಳುತ್ತ. "ಹಳೇದೆಲ್ಲ ಒಳಗೇ ಇದೆ."

ಅಷ್ಟು ಹೇಳಿ ಓಡಿದ. ಆಮೇಲೆ ಎಷ್ಟೋ ಸಲ ಈ ಐದು ಪದಗಳನ್ನು ಹಿಂದಕ್ಕೆ ತೆಗೆದುಕೊಂಡು ಬೇರೆ ಐದನ್ನು ಕೂರಿಸಿ ನೋಡಿದ. ಯಾವುದು ಹಾಕಿದ್ದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅಂಗಡಿಯ ರೇಡಿಯೋದಲ್ಲಿ ಹಾಜರಿ ಶುರುವಾಯಿತು. ಧ್ವನಿ ತೊಳೆದಿಟ್ಟಂತಿತ್ತು. ಪರ್ಲಿ ಅಜ್ಜಿಯೂ ಓಗೊಟ್ಟಳು. "ಗೂಳಿಯಪ್ಪಾ, ಜೇನುಗೂಡು ಎಲ್ಲಿ ಬಿಟ್ಟು ಬಂದೆ?" ಎಂದಳು. ಆರ್ಲಿಸ್ ಕಾಫಿಯ ಲೋಟ ಹಿಡಿದು ಒಬ್ಬನೇ ನಕ್ಕ.

ಹಾಜರಿ ಮುಗಿಸಿ ಹೋಬರ್ಟ್ ಗಂಟಲು ಸರಿಮಾಡಿಕೊಂಡ. "ಒಂದು ವಿಷಯ. ಫ್ಯೂಗೇಟ್ ಅಂಗಡಿಗೆ ಸೆಟ್ಟು ಕೊಡೋರು ಹುಷಾರು. ಮೂರು ವಾರ ಇಟ್ಕೊಂಡ. ಚೀಲ ಕೊಡಲಿಲ್ಲ. ಮನೇಲಿ ಬಿಚ್ಚಿ ನೋಡಿದೆ, ಹನ್ನೆರಡಕ್ಕೆ ಹನ್ನೆರಡೂ ಹಳೇವೇ. ಡಬ್ಬಿನೂ ಹಳೇದೇ. ಕೇಳಿದ್ದಕ್ಕೆ ನಿದ್ದೆಗಣ್ಣ ಬಾಯಿಬಿಟ್ಟೇ ಹೇಳ್ದ, ಹಳೇದೆಲ್ಲ ಒಳಗೇ ಇದೆ ಅಂತ. ಅಷ್ಟಾದ್ರೂ ನಿಯತ್ತಿದೆ."

"ಆದ್ರೆ ಗುಂಯ್ ನಿಂತದಲ್ಲೋ," ಎಂದು ಯಾರೋ ನಡುವೆ ಬಂದರು.

"ಒರೆಸಿದ್ರೆ ಒಂದು ತಿಂಗಳು ನಿಲ್ಲತ್ತೆ. ಡೆನ್ವರ್ ಟ್ಯಾಕೆಟ್ ಹಂಗೇ ಅಲ್ವಾ ಮಾಡಿದ್ದು? ಅವನು ಚೀಲನಾದ್ರೂ ಕೊಡ್ತಿದ್ದ."

ಡೆನ್ವರ್ ಟ್ಯಾಕೆಟ್ ಎಂದರೆ ಆರ್ಲಿಸ್‌ಗಿಂತ ಮುಂಚೆ ಅದೇ ಮೇಜಿನಲ್ಲಿ ಕೂತಿದ್ದವನು. ಸೆಟ್ಟಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಮೇಜಿನ ಕೆಳಗಿದ್ದ ಬಕೆಟ್ಟಿನಿಂದ ಒಂದು ಹಿಡಿ ಹಳೇ ಕೆಪ್ಯಾಸಿಟರು ಚೀಲಕ್ಕೆ ತುಂಬಿ ಕೊಡುತ್ತಿದ್ದವನು. ಆದರೂ ಎಂಟು ವರ್ಷ ಅವನ ಮೇಲೆ ಒಂದೂ ದೂರು ಬಂದಿರಲಿಲ್ಲ, ಚೀಲ ಕೈಗೆ ಬರುತ್ತಿತ್ತಲ್ಲ.

ಬುಧವಾರದೊಳಗೆ ಇಬ್ಬರು ಬಂದು, ರಿಪೇರಿಗೆ ಇಟ್ಟಿದ್ದ ಸೆಟ್ಟುಗಳನ್ನು ವಾಪಸ್ಸು ಒಯ್ದರು. "ತಂಗಿ ಮಗ ನೋಡ್ತಾನಂತೆ," ಎಂದನೊಬ್ಬ ನೆಲ ನೋಡುತ್ತ. ಇನ್ನೊಬ್ಬ ಅಷ್ಟೊತ್ತಿಗೆ ತನ್ನದನ್ನು ಎತ್ತಿಕೊಂಡು ಬಾಗಿಲು ದಾಟಿದ್ದ. ಗುರುವಾರ ಒಲೀಟಾ ಅಳತೆಪಟ್ಟಿ ತಂದು ಮೇಜಿನ ಉದ್ದ ಅಳೆದಳು.

"ಫ್ರಿಜ್ಜಿಗಾ?" ಎಂದ ಆರ್ಲಿಸ್.

"ಸುಮ್ನೆ ಅಳೆದೆ."

"ನಾನು ಕೆಲಸ ಮಾಡಿದೀನಿ ಮಿಸ್ ಒಲೀಟಾ."

"ನಂಗೊತ್ತು. ಮೂರು ಶನಿವಾರ ಮೇಣದ ವಾಸನೆ ಕುಡಿದವಳು ನಾನು." ಅವಳು ಬಗ್ಗಿ ಬಕೆಟ್ಟನ್ನು ಕಾಲಿನಿಂದ ಈಚೆ ಎಳೆದಳು. ಡೆನ್ವರನ ಬಕೆಟ್ಟು ಇನ್ನೂ ಅರ್ಧ ತುಂಬಿತ್ತು. ಒಂದು ಕಾಗದದ ಚೀಲ ಕೊಡವಿ ಬಿಡಿಸಿ, ಹನ್ನೆರಡು ಎಣಿಸಿ ಹಾಕಿ, ಮೇಲೊಂದು ಡಬ್ಬಿ ಇಟ್ಟು, ಬಾಯಿ ಮಡಚಿದಳು. "ತಗೋ. ಮರೆತಿದ್ದೆ ಅಂತ ಹೇಳಿ ಕೊಟ್ಟು ಬಾ. ಸೋಮವಾರದ ಹೊತ್ತಿಗೆ ಎಲ್ಲ ಸರಿಹೋಗತ್ತೆ."

"ಇದು ಅವ್ರ ಸೆಟ್ಟಿಂದಲ್ಲ."

"ಅವನಿಗೆ ಚೀಲ ಬೇಕು, ನಿನಗೆ ಮೇಜು ಬೇಕು. ಸುಳ್ಳು ಎಲ್ಲಿದೆ ಇದರಲ್ಲಿ? ಕೆಲಸ ಮಾಡಿದೀಯ ತಾನೇ?"

 ಆರ್ಲಿಸ್ ತುಂಬ ದಣಿದಿದ್ದ. ದಣಿದವನಿಗೆ ಒಲೀಟಾ ಹೇಳುವುದೆಲ್ಲ ನ್ಯಾಯವಾಗಿಯೇ ಕೇಳಿಸುತ್ತಿತ್ತು. ಚೀಲ ತೆಗೆದುಕೊಂಡ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋಬರ್ಟನ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಚೀಲ, ಸೋಲ್ಡರಿಂಗ್ ಕಡ್ಡಿ ಮತ್ತು ಒಂದು ಬ್ಲೇಡು. ಮೂರನ್ನೂ ಯಾಕೆ ತಂದೆ ಎಂದು ಅವನಿಗೇ ಸ್ಪಷ್ಟವಿರಲಿಲ್ಲ. ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಕೂತ. ಡೆನ್ವರ್ ಎಂಟು ವರ್ಷ ಈ ಚೀಲದ ಮೇಲೆ ನೆಮ್ಮದಿಯಾಗಿ ಬದುಕಿದ್ದ, ದಪ್ಪಗಾಗಿದ್ದ ಕೂಡ. ತಾನೂ ಇದನ್ನು ಕೊಟ್ಟರೆ ನಾಳೆಯಿಂದ ಅವನಿಗೂ ತನಗೂ ವ್ಯತ್ಯಾಸ ಹೇಳಲು ಯಾರಿಂದ ಆಗುತ್ತದೆ? ಮೂರು ಶನಿವಾರ ಆ ವ್ಯತ್ಯಾಸಕ್ಕೇ ಅಲ್ಲವೇ ಹೋದದ್ದು? ಬ್ಲೇಡನ್ನೂ ಕಡ್ಡಿಯನ್ನೂ ಜೇಬಿಗೆ ಹಾಕಿಕೊಂಡು, ಚೀಲವನ್ನು ಸೀಟಿನ ಮೇಲೆ ಬಿಟ್ಟು ಇಳಿದ. ಇಳಿದ ಮೇಲೂ ಒಂದು ಸಲ ತಿರುಗಿ ನೋಡಿದ.

ಬಾಗಿಲು ತೆರೆದದ್ದು ಹೋಬರ್ಟನ ಹೆಂಡತಿ ನೋಲಾ. ಒಲೆಯ ಮೇಲೆ ಹುರುಳಿಕಾಯಿ ಬೀಜ ಹಂದಿಮಾಂಸದ ತುಂಡಿನ ಜೊತೆ ಬೇಯುತ್ತಿತ್ತು. ಹೋಬರ್ಟ್ ಸೆಟ್ಟಿನ ಮುಂದೆ ಕೂತಿದ್ದ, ಎದ್ದೇಳಲಿಲ್ಲ.

"ಚೀಲ ತಂದ್ಯಾ?"

"ಇಲ್ಲ. ಇರಲೇ ಇಲ್ಲ. ಹೊಸಾದನ್ನ ಹಳೇ ಕೊಳವೆ ಒಳಗೆ ತುಂಬಿದೀನಿ ಸ್ಲೋನ್ ಅವ್ರೇ. ನೀವೇ ಅಲ್ವಾ ಹೇಳಿದ್ದು, ಏನೂ ಬೇರೆ ಥರ ಕಾಣಬಾರ್ದು ಅಂತ?"

"ಹೇಳಿದ್ದೆ. ಹೇಳಿದ್ದೆಲ್ಲ ಮಾಡೋರನ್ನ ನಾನು ನೋಡಿಲ್ಲ."

"ತೋರಿಸ್ಲಾ?"

ಹೋಬರ್ಟ್ ಕುರ್ಚಿ ಹಿಂದಕ್ಕೆ ಸರಿಸಿದ. ಆರ್ಲಿಸ್ ಪ್ಲಗ್ ಕಿತ್ತು, ಸೆಟ್ಟನ್ನು ಊಟದ ಮೇಜಿನ ಮೇಲೆ ಬೋರಲು ಮಲಗಿಸಿ, ಅಡಿಯ ತಗಡು ತೆಗೆದು, ಒಳಗೆ ಉಳಿದ ಕರೆಂಟನ್ನು ತಂತಿ ಮುಟ್ಟಿಸಿ ಇಳಿಸಿದ. ತುದಿಯಲ್ಲಿದ್ದ ಒಂದು ಕೊಳವೆಯ ಮೇಲೆ ಬ್ಲೇಡಿಟ್ಟು ಉದ್ದಕ್ಕೆ ಸೀಳಿದ. ಚಹಾಪುಡಿಯ ಬಣ್ಣದ ಮೇಣ ಪುಡಿಯಾಗಿ ಉದುರಿತು. ಸಿಪ್ಪೆ ಎರಡಾಗಿ ಬಿಡಿಸಿಕೊಂಡಿತು. ಒಳಗೆ ಹೊಚ್ಚ ಹೊಸ ಹಳದಿ ಕೆಪ್ಯಾಸಿಟರು, ಮೆಕ್ಕೆಜೋಳದ ಕಾಳಿನ ಹಾಗೆ ಮಿರಮಿರ.

ಹೋಬರ್ಟ್ ಕನ್ನಡಕ ಏರಿಸಿ ಬಗ್ಗಿ ನೋಡಿದ. ನೋಲಾ ಸೌಟು ಹಿಡಿದುಕೊಂಡೇ ಬಂದು ಗಂಡನ ಭುಜದ ಮೇಲಿಂದ ನೋಡಿದಳು.

"ಇದೆ," ಎಂದಳು.

"ಒಂದಿದೆ," ಎಂದ ಹೋಬರ್ಟ್.

"ಎಲ್ಲದ್ರಲ್ಲೂ ಇದೆ ಸ್ಲೋನ್ ಅವ್ರೇ."

"ನೋಡು ಮಗನೇ, ಮೂವತ್ತೊಂಬತ್ತು ವರ್ಷ ಬಸ್ಸು ಓಡ್ಸಿದೀನಿ. ಒಂದು ಮಗು ಹತ್ತಿದ್ದು ಕಂಡ್ತು ಅಂತ ಬಾಗಿಲು ಹಾಕಿ ಹೊರಟವನಲ್ಲ. ತಲೆ ಎಣಿಸ್ತೀನಿ. ಒಂದು ತಲೆ ಕಮ್ಮಿ ಇದ್ರೂ ಬಸ್ಸು ಕದಲ್ಲ. ಇದು ನಿನ್ನ ಮೇಲಿನ ಕೋಪ ಅಲ್ಲ."

"ಗೊತ್ತು."

"ಹಾಗಾದ್ರೆ ಎಣಿಸೋಣ."

ಆರ್ಲಿಸ್ ಎರಡನೆಯದನ್ನು ಸೀಳಿದ. "ಎರಡು," ಎಂದ ಹೋಬರ್ಟ್. ಮೂರನೆಯದನ್ನು ಸೀಳಿದ. ಮೊದಲ ನಾಲ್ಕಕ್ಕೇ ಒಂದು ಇಡೀ ಶನಿವಾರ ಹೋಗಿತ್ತು. ಈಗ ಆ ನಾಲ್ಕಕ್ಕೂ ಸೇರಿ ಐದು ನಿಮಿಷ ಹಿಡಿಯಿತು. ಐದನೆಯದರ ಮೇಲೆ ತಯಾರಕರ ಕೆಂಪು ಅಕ್ಷರ ಅಳಿಸಿಹೋಗದಂತೆ ಉಸಿರು ಬಿಗಿಹಿಡಿದು ಕೆಲಸ ಮಾಡಿದ್ದ. ಅಕ್ಷರದ ನಡುವೆಯೇ ಬ್ಲೇಡು ಹೋಯಿತು. ಹೋಬರ್ಟ್ ಒಂದೊಂದಕ್ಕೂ ಬೆರಳು ಮಡಚುತ್ತಿದ್ದ. ನೋಲಾ ಉದುರಿದ ಸಿಪ್ಪೆಯನ್ನು ಒಂದು ತಟ್ಟೆಗೆ ಬಳಿದುಕೊಳ್ಳುತ್ತಿದ್ದಳು.

"ಇದೆಲ್ಲ ನೀನೇ ಅಂಟಿಸಿದ್ದಾ?" ಎಂದು ಕೇಳಿದಳು ಒಂದು ಚೂರನ್ನು ಬೆಳಕಿಗೆ ಹಿಡಿದು. "ಗೊತ್ತೇ ಆಗಲ್ಲ ನೋಡು."

"ಹೂಂ. ಅದೇ ಆಗಿದ್ದು," ಎಂದ ಆರ್ಲಿಸ್.

"ಊಟ ಮಾಡ್ಕೊಂಡು ಹೋಗು. ಮೆಕ್ಕೆಜೋಳದ ರೊಟ್ಟಿ ಬೇಯ್ತಾ ಇದೆ."

ಹನ್ನೆರಡೂ ಮುಗಿದವು. ಹೋಬರ್ಟ್ ಮಡಚಿದ ಬೆರಳುಗಳನ್ನು ಬಿಡಿಸಿದ. ಉಳಿದದ್ದು ಅಲ್ಯೂಮಿನಿಯಂ ಡಬ್ಬಿಯೊಂದೇ.

"ಅದು ಬೇಡ," ಎಂದ. "ಅದರಲ್ಲೂ ಇರತ್ತೆ. ನಂಬ್ತೀನಿ."

ಆರ್ಲಿಸ್ ಡಬ್ಬಿಯನ್ನೇ ನೋಡುತ್ತ ನಿಂತ. ಕೊಯ್ದ ಗೆರೆ ಎಲ್ಲಿದೆ ಎಂದು ಅವನೇ ಬೆರಳಾಡಿಸಿ ಹುಡುಕಬೇಕಿತ್ತು. ಅವನ ಇಡೀ ಜೀವನದಲ್ಲಿ ಅಷ್ಟು ಚೆಂದಾಗಿ ಮಾಡಿದ ಕೆಲಸ ಇನ್ನೊಂದಿರಲಿಲ್ಲ. ಒಂದನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಉಳಿಸಿಕೊಂಡರೆ ಮುಂದಿನ ವರ್ಷ ಧೂಳು ಹೊಡೆಯುವಾಗ ಈ ಮುದುಕ ಇದನ್ನು ನೋಡುತ್ತಾನೆ, ನೋಡಿ ಒಂದು ಕ್ಷಣ ಯೋಚಿಸುತ್ತಾನೆ.

"ಒಂದು ತಲೆ ಕಮ್ಮಿ ಆಗತ್ತೆ ಸ್ಲೋನ್ ಅವ್ರೇ," ಎಂದು ಗೆರೆಯೊಳಗೆ ಬ್ಲೇಡು ತೂರಿಸಿ ಸುತ್ತಿದ. ಮುಚ್ಚಳ ಸಣ್ಣ ಸದ್ದು ಮಾಡಿ ಬಿಟ್ಟುಕೊಂಡಿತು. ಒಳಗೆ ಮೂರೂ ನೆಟ್ಟಗೆ ನಿಂತಿದ್ದವು.

"ಹದಿನೈದು," ಎಂದ ಹೋಬರ್ಟ್ ಮೆಲ್ಲಗೆ. ಬಿಚ್ಚಿದ ಮುಚ್ಚಳವನ್ನು ಬೆರಳಿನಿಂದ ಹೊರಳಿಸಿ, "ಬೇಡ ಅಂದೆನಲ್ಲೋ," ಎಂದ.

ಸಿಪ್ಪೆಯ ಚೂರುಗಳೆಲ್ಲ ಹೋಗುವವರೆಗೆ ಒಳಭಾಗವನ್ನು ಕುಂಚದಿಂದ ಗುಡಿಸಿ, ಹೊಸವುಗಳ ಕಾಲುಗಳು ಒಂದಕ್ಕೊಂದು ತಾಗದಂತೆ ಬಗ್ಗಿಸಿ, ಸಡಿಲವಾದ ಎರಡು ಬೆಸುಗೆಗೆ ಕಡ್ಡಿ ಮುಟ್ಟಿಸಿ, ಆರ್ಲಿಸ್ ತಗಡು ಮುಚ್ಚಿದ. ಪ್ಲಗ್ ಹಾಕಿ ಗುಂಡಿ ಒತ್ತಿ ನೋಡಿದಾಗ ಮೇಲಿನ ಕಣಿವೆಯಿಂದ ಯಾರೋ ಚೆನ್ನಾಗಿ ಕೇಳುತ್ತಿದೆ ಎಂದರು. ಮೂವರೂ ಅದೇ ಮೇಜಿನಲ್ಲಿ ಊಟ ಮಾಡಿದರು. ಹಸಿ ಈರುಳ್ಳಿ ಕಚ್ಚುತ್ತ ಹೋಬರ್ಟ್ ಬಸ್ಸಿನ ಕಥೆ ಎರಡು ಹೇಳಿದ. ಆರ್ಲಿಸ್ ಎರಡನೆಯದರಲ್ಲಿ ಸ್ವಲ್ಪ ತೂಕಡಿಸಿದ; ಯಾರೂ ತಪ್ಪು ತಿಳಿಯಲಿಲ್ಲ.

ಸೋಮವಾರ ಏಳಕ್ಕೆ ಹಾಜರಿ ಮುಗಿಯಿತು. ಹೋಬರ್ಟ್ ಗಂಟಲು ಸರಿಮಾಡಿಕೊಂಡ. ಒಲೀಟಾ ರೇಡಿಯೋ ದೊಡ್ಡದು ಮಾಡಿದಳು.

"ಹೋದ ಸೋಮವಾರ ನಾನು ಹೇಳಿದ್ದು ತಪ್ಪು. ಎಣಿಸದೇ ಹೇಳ್ದೆ. ಮೊನ್ನೆ ಎಣಿಸಿದೆ, ಹದಿನೈದಕ್ಕೆ ಹದಿನೈದೂ ಹೊಸಾವು. ನಿದ್ದೆಗಣ್ಣ ಅವನ್ನ ಹಳೇದರೊಳಗೆ ಬಚ್ಚಿಟ್ಟಿದ್ದ. ಯಾಕೆ ಬಚ್ಚಿಟ್ಟ ಅಂದ್ರೆ, ನಾನು ಹೇಳಿದ್ದಕ್ಕೇ. ಹುಡುಗ ಯೋಗ್ಯ. ಸ್ವಲ್ಪ ವಿಚಿತ್ರ, ಆದ್ರೆ ಯೋಗ್ಯ. ಸೆಟ್ಟು ಕೊಡಿ. ಬಚ್ಚಿಡಬೇಡ ಅಂತ ಮೊದಲೇ ಹೇಳಿಬಿಡಿ."

"ನಂದೂ ಕಳ್ಸ್ತೀನಿ," ಎಂದಳು ಪರ್ಲಿ ಅಜ್ಜಿ. "ಬಚ್ಚಿಡೋದು ಗಿಚ್ಚಿಡೋದು ನಂಗ್ಬೇಡ. ಚೀಲ ಬೇಕು."

ಗುರುವಾರದ ಹೊತ್ತಿಗೆ ಮೇಜಿನ ಪಕ್ಕ ಏಳು ಸೆಟ್ಟುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮೇಲೂ ಒಂದೊಂದು ಚೀಟಿ, ಬೇರೆ ಬೇರೆ ಕೈಬರಹ, ಒಂದೇ ಮಾತು: ಬಚ್ಚಿಡಬೇಡ. ಒಲೀಟಾ ಅಂಗಡಿಯ ಗಾಜಿಗೆ ಆಂಟೆನಾ ಬಿಗಿಯಲು ಆಳು ಬೇಕೆಂಬ ಕಾಗದ ಅಂಟಿಸಿ ಒಳಗೆ ಬಂದಳು. ಆರ್ಲಿಸ್ ಪರ್ಲಿ ಅಜ್ಜಿಯ ಸೆಟ್ಟು ಬಿಚ್ಚಿಕೊಂಡಿದ್ದ. ಹಳೆಯದನ್ನು ಕತ್ತರಿಸಿ ಪಕ್ಕಕ್ಕೆ ಹಾಕಿ, ಹೊಸ ಹಳದಿಯದನ್ನು ಬೆಸೆದ. ಕತ್ತರಿಸಿದ, ಬೆಸೆದ.

"ಇದು ಯಾವಾಗ ಆಗತ್ತೆ?" ಎಂದಳು ಒಲೀಟಾ.

"ಮಧ್ಯಾಹ್ನ ಊಟಕ್ಕೆ ಮುಂಚೆ."

"ಅಷ್ಟು ಬೇಗಾನಾ? ಸ್ಲೋನನದಕ್ಕೆ ಮೂರು ವಾರ ಹಿಡಿದೆಯಲ್ಲೋ."

"ಅದು ಬೇರೆ ಕೆಲಸ."

"ಬೇರೆ ಅಂದ್ರೆ? ಗುಂಯ್ ನಿಲ್ಲಿಸೋದು ತಾನೇ?"

"ಹೌದು, ಅದೇ," ಎಂದು ಆರ್ಲಿಸ್ ಮುಂದಿನದನ್ನು ಕತ್ತರಿಸಿದ.